ಕುಸುಬಿ ಔಷಧಿ ಹೌದು, ಆದರೆ ಯಾವ ಭಾಗ, ಯಾರಿಗೆ?

ಪ್ರಶ್ನೆ: ನಮ್ಮೂರು ಗದಗದ ಹತ್ತಿರ. ಈಗ ಬೆಂಗಳೂರಿನಲ್ಲಿ ಇದ್ದೇವೆ. ಚಿಕ್ಕಂದಿನಿಂದ ಮನೆಯಲ್ಲಿ ಕುಸುಬಿ (ಸ್ಯಾಫ್ಲವರ್) ಎಣ್ಣೆಯೇ ಬಳಕೆ. ಅಜ್ಜಿ ಬಾಣಂತಿಯರಿಗೆ ಕುಸುಬಿ ಹಾಲಿನ ಹುಗ್ಗಿ ಮಾಡುತ್ತಿದ್ದರು. ಮೊಣಕಾಲು ನೋವಿಗೆ ಅದೇ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಈಚೆಗೆ ನೆಂಟರೊಬ್ಬರು ಕುಸುಬಿ ಹೂವಿನ ಚಹಾ ಅಂತ ಒಂದು ಪೊಟ್ಟಣ ಕೊಟ್ಟಿದ್ದಾರೆ. ಹೃದಯದ ಬ್ಲಾಕೇಜ್ ಕರಗುತ್ತದೆ, ಮುಟ್ಟು ಸರಿಹೋಗುತ್ತದೆ, ತೂಕ ಇಳಿಯುತ್ತದೆ ಅಂತಾರೆ. ಅಮ್ಮನಿಗೆ 63 ವರ್ಷ, ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ಶುಗರ್ ಕೂಡ ಇದೆ. ತಂಗಿ ಐದು ತಿಂಗಳ ಬಸುರಿ. ಇವರಿಬ್ಬರೂ ಕುಡಿಯಬಹುದಾ? ಇನ್ನೊಂದು: ಕುಸುಬಿ ಎಣ್ಣೆ ಕೆಟ್ಟದ್ದು ಅಂತ ಆಯುರ್ವೇದದಲ್ಲೇ ಇದೆ ಎಂದು ಒಬ್ಬರು ಹೇಳಿದರು. ಅದು ನಿಜಾನಾ?

ಉತ್ತರ: ಅವಸರದ ಮಾತು ಮೊದಲು. ಆ ಚಹಾ ಇಬ್ಬರಿಗೂ ಬೇಡ. ತಂಗಿಗಂತೂ ಒಂದು ಗುಟುಕೂ ಬೇಡ. ಅಮ್ಮ ಈಗಾಗಲೇ ಕುಡಿಯಲು ಶುರು ಮಾಡಿದ್ದರೆ ನಿಲ್ಲಿಸಿ, ಮುಂದಿನ ಸಲ ಹೃದಯದ ಡಾಕ್ಟರ ಹತ್ತಿರ ಹೋದಾಗ ವಿಷಯ ತಿಳಿಸಿ. ಅಷ್ಟರಲ್ಲಿ ಮೈಮೇಲೆ ನೀಲಿ ಕಲೆ ಬಿದ್ದರೆ, ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದರೆ, ಮಲ ಕಪ್ಪಗೆ ಹೋದರೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದವರಲ್ಲಿ ಅದು ಚಹಾಕ್ಕಿಂತ ದೊಡ್ಡ ಅಪಾಯ.

ಇನ್ನು ನಿಧಾನವಾಗಿ ಮಾತಾಡೋಣ.

ಕುಸುಬಿಯ ಬಗ್ಗೆ ಹರಿದಾಡುವ ಗೊಂದಲಗಳೆಲ್ಲ ಹುಟ್ಟುವುದು ಒಂದೇ ಕಡೆ. ಜನ ‘ಕುಸುಬಿ’ ಅಂತ ಒಂದೇ ಹೆಸರು ಹೇಳಿ ನಾಲ್ಕು ಬೇರೆ ಬೇರೆ ವಸ್ತುಗಳ ಗುಣ ಹೇಳುತ್ತಾರೆ. ಎಳೆ ಎಲೆ ತಪ್ಪಲು ಪಲ್ಯಕ್ಕೆ. ಬೀಜ ಹಾಲು ತೆಗೆಯುವುದಕ್ಕೆ, ಎಣ್ಣೆ ತೆಗೆಯುವುದಕ್ಕೆ. ಎಣ್ಣೆ ಒಗ್ಗರಣೆಗೆ, ಮೈಗೆ ಹಚ್ಚುವುದಕ್ಕೆ. ಹೂವು ಬಣ್ಣಕ್ಕೆ ಮತ್ತು ಔಷಧಿಗೆ. ನಿಮ್ಮ ಅಜ್ಜಿ ಬಳಸಿದ್ದು ಬೀಜ ಮತ್ತು ಎಣ್ಣೆ. ನಿಮ್ಮ ನೆಂಟರು ಕೊಟ್ಟಿದ್ದು ಹೂವು. ಅಜ್ಜಿ ಹುಗ್ಗಿ ಮಾಡುತ್ತಿದ್ದರು ಎಂಬುದು ಹೂವಿನ ಚಹಾಕ್ಕೆ ಸಾಕ್ಷಿ ಆಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೂವನ್ನು ದಿನಾ ಕುಡಿಯುವ ರೂಢಿ ಇರಲಿಲ್ಲ. ಯಾರಾದರೂ ‘ತಲೆತಲಾಂತರದಿಂದ ಬಂದದ್ದು’ ಎಂದರೆ, ಯಾವ ಊರಿನ ತಲೆತಲಾಂತರ ಅಂತ ಕೇಳಿ.

ಹೂವಿನ ಔಷಧಿ ಪರಂಪರೆ ನಿಜವಾಗಿ ಗಟ್ಟಿಯಾಗಿರುವುದು ಚೀನಾದಲ್ಲಿ. ಅಲ್ಲಿ ಇದಕ್ಕೆ ‘ಹೊಂಗ್ ಹುವಾ’ ಅನ್ನುತ್ತಾರೆ. ಶಿನ್‌ಜಿಯಾಂಗ್ ಪ್ರಾಂತದಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ನಿಂತ ರಕ್ತವನ್ನು ಹರಿಸುವುದು ಇದರ ಕೆಲಸ ಎಂಬುದು ಅಲ್ಲಿನ ವೈದ್ಯರ ಲೆಕ್ಕ. ಮುಟ್ಟು ನಿಂತಿದ್ದರೆ, ಮುಟ್ಟಿನ ಹೊಟ್ಟೆನೋವು ಇದ್ದರೆ, ಹೆರಿಗೆಯ ನಂತರ ಗರ್ಭಕೋಶದಲ್ಲಿ ರಕ್ತ ಉಳಿದುಕೊಂಡರೆ, ಬಿದ್ದು ಪೆಟ್ಟಾಗಿ ರಕ್ತ ಹೆಪ್ಪುಗಟ್ಟಿದ್ದರೆ ಕೊಡುತ್ತಾರೆ. ಚೀನಾದ ಅಧಿಕೃತ ಔಷಧಿ ಸಂಹಿತೆಯಲ್ಲಿ ದಿನಕ್ಕೆ 3ರಿಂದ 10 ಗ್ರಾಂ ಒಣಹೂವಿನ ಕಷಾಯ ಎಂದು ಅಳತೆ ಕೊಟ್ಟಿದ್ದಾರೆ. ಅದರ ಪಕ್ಕದಲ್ಲೇ ಬಸುರಿಯರಲ್ಲಿ ಎಚ್ಚರ ಅಂತಲೂ ಬರೆದಿದ್ದಾರೆ. ಇಲ್ಲಿ ಚಹಾ ಮಾರುವವರು ಮೊದಲ ಸಾಲು ಓದಿ ಎರಡನೇ ಸಾಲು ಬಿಟ್ಟುಬಿಡುತ್ತಾರೆ!

ಯುನಾನಿಯಲ್ಲೂ ಇದಕ್ಕೆ ಜಾಗವಿದೆ. ಅವರು ಬೀಜವನ್ನು ‘ಕುರ್ತುಮ್’ ಅನ್ನುತ್ತಾರೆ, ಭೇದಿ ಮಾಡಿಸಲು ಮತ್ತು ಕಫಕ್ಕೆ ಬಳಸುತ್ತಾರೆ. ನಮ್ಮ ದೇಶದ ಹಳೆಯ ಮನೆಮದ್ದುಗಳಲ್ಲಿ ಬಿಸಿ ನೀರಿಗೆ ಹೂವು ಹಾಕಿ ಬೆವರಿಸಲು ಕೊಡುವುದಿತ್ತು. ದಡಾರಕ್ಕೆ, ಕಾಮಾಲೆಗೆ ಅಂತ. ಕಾಮಾಲೆಗೆ ಹಳದಿ ಹೂವು ಕೊಡುವುದು ಬಣ್ಣ ನೋಡಿ ಹುಟ್ಟಿದ ಮದ್ದು ಅಂತ ನನ್ನ ಅನುಮಾನ. ಈಗಿನ ಕಾಲದಲ್ಲಿ ಕಾಮಾಲೆ ಅಂದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದದ್ದು.

ಹೂವಿನಲ್ಲಿ ಇರುವುದೇನು? ಎರಡು ಬಣ್ಣ. ಒಂದು ಹಳದಿ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಇನ್ನೊಂದು ಕೆಂಪು, ಅದರ ಹೆಸರು ಕಾರ್ಥಮಿನ್. ಅದು ಬರೀ ನೀರಿಗೆ ಬಗ್ಗುವುದಿಲ್ಲ, ಕ್ಷಾರದ ನೀರಿಗೆ ಬಿಡುತ್ತದೆ, ಹುಳಿ ಹಾಕಿದರೆ ಬಟ್ಟೆಗೆ ಹತ್ತುತ್ತದೆ. ಬಣ್ಣಗಾರರಿಗೆ ಬೇಕಾಗಿದ್ದು ಕೆಂಪು. ಅದಕ್ಕೇ ಹೂವನ್ನು ಮತ್ತೆ ಮತ್ತೆ ತೊಳೆದು ಹಳದಿ ನೀರನ್ನು ಚೆಲ್ಲುತ್ತಿದ್ದರು. ಇವತ್ತು ಚೀನಾದ ಪ್ರಯೋಗಾಲಯಗಳು ಹಿಂದೆ ಬಿದ್ದಿರುವುದು ಚೆಲ್ಲುತ್ತಿದ್ದ ಆ ಹಳದಿ ನೀರಿನ! ಹೈಡ್ರಾಕ್ಸಿ ಸಾಫ್ಲರ್ ಯೆಲ್ಲೋ ಎ ಎಂಬ ಅಂಶ ಅದರಲ್ಲಿದೆ. ಔಷಧಿಗೆ ಮಾರುವ ಹೂವಿನಲ್ಲಿ ಇದು ಶೇ 1ಕ್ಕಿಂತ ಕಡಿಮೆ ಇರಬಾರದು ಎಂದು ಅಲ್ಲಿನ ನಿಯಮ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಇದು ತಡೆಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಇದರಿಂದ ತಯಾರಿಸಿದ ಇಂಜೆಕ್ಷನ್‌ಗಳನ್ನು ಅಲ್ಲಿನ ಆಸ್ಪತ್ರೆಗಳಲ್ಲಿ ಲಕ್ವಕ್ಕೆ, ಎದೆನೋವಿಗೆ ಕೊಡುತ್ತಾರೆ.

ಹಾಗಾದರೆ ಅಮ್ಮನ ಹೃದಯಕ್ಕೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ತೊಡಕು ಇರುವುದೇ ಅಲ್ಲಿ. ಅಮ್ಮ ತೆಗೆದುಕೊಳ್ಳುವ ಮಾತ್ರೆಯೂ ಬಹುಶಃ ಇದೇ ಕೆಲಸ ಮಾಡುತ್ತಿದೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಮಾತ್ರೆಗಳೇ. ಡಾಕ್ಟರು ಅಳೆದು ಕೊಟ್ಟ ಔಷಧಿಯ ಮೇಲೆ ಅಳತೆಯಿಲ್ಲದ ಇನ್ನೊಂದು ಅದೇ ಥರದ ಔಷಧಿ ಸುರಿದರೆ ರಕ್ತಸ್ರಾವದ ಅಪಾಯ ಹೆಚ್ಚಾಗುತ್ತದೆ. ಇಂಜೆಕ್ಷನ್ ಕೊಡುವುದು ಆಸ್ಪತ್ರೆಯಲ್ಲಿ, ನಿಗಾದಲ್ಲಿ. ಮನೆಯಲ್ಲಿ ಒಂದು ಚಮಚ ಹಾಕಿದಿರೋ ಮೂರು ಚಮಚ ಹಾಕಿದಿರೋ ಕೇಳುವವರಿಲ್ಲ. ಇನ್ನು ಬ್ಲಾಕೇಜ್ ಕರಗುವ ಮಾತು. ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂತ ಕೊಬ್ಬು ಮತ್ತು ಸುಣ್ಣದ ಗಡ್ಡೆ ಅದು. ಚಹಾ ಕುಡಿದರೆ ಕರಗುವ ವಸ್ತು ಅಲ್ಲ. ಆ ಮಾತನ್ನು ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ಯಾವುದಾದರೂ ಆಪರೇಷನ್ ಅಥವಾ ಹಲ್ಲು ಕೀಳಿಸುವುದು ಇದ್ದರೆ, ಆರೋಗ್ಯವಂತರೂ ಎರಡು ವಾರ ಮೊದಲೇ ಈ ಹೂವನ್ನು ಬಿಡಬೇಕು.

ತಂಗಿಯ ವಿಷಯಕ್ಕೆ ಬರುತ್ತೇನೆ. ಚೀನಾದಲ್ಲಿ ಇದನ್ನು ಕೊಡುವುದೇ ಮುಟ್ಟು ಬರಿಸಲು ಎಂದೆ. ಅಂದಮೇಲೆ ಬಸುರಿಗೆ ಯಾಕೆ ಬೇಡ ಎಂದು ಬೇರೆ ಬಿಡಿಸಿ ಹೇಳಬೇಕಿಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹೂವಿನ ಸಾರ ಗರ್ಭಕೋಶವನ್ನು ಬಿಗಿ ಹಿಡಿಸಿದೆ. ಬಸುರಿ ಇಲಿಗಳಿಗೆ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಭ್ರೂಣಕ್ಕೆ ಹಾನಿಯಾಗಿದ್ದೂ ಕಂಡಿದೆ.

ಚಹಾ ಬಿಡಿಸುವುದು ಸುಲಭ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಇರುವುದು ಕೇಸರಿ ಹಾಲಿನ ಬಗ್ಗೆ. ನಮ್ಮಲ್ಲಿ ಬಸುರಿಗೆ ಕೇಸರಿ ಹಾಲು ಕುಡಿಸದ ಮನೆ ಕಡಿಮೆ. ಅಸಲಿ ಕೇಸರಿ ಒಂದು ಗ್ರಾಂಗೆ ನೂರಾರು ರೂಪಾಯಿ. ಜಾತ್ರೆಯಲ್ಲಿ, ಪ್ರವಾಸದ ಊರಿನ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಡಬ್ಬಿ ತುಂಬ ಕೊಟ್ಟರೆ ಅದು ಹೆಚ್ಚಾಗಿ ಇದೇ ಕುಸುಬಿ ಹೂವು. ಕೇಸರಿಗೆ ಕುಸುಬಿ ಬೆರೆಸುವುದು ಇವತ್ತಿನ ಮೋಸ ಅಲ್ಲ, ಬಹಳ ಹಳೆಯದು. ಹಾಲಿಗೆ ಎರಡೂ ಹಳದಿ ಬಣ್ಣ ಕೊಡುತ್ತವೆ. ಹಾಗಾಗಿ ಬಣ್ಣ ನೋಡಿ ಪತ್ತೆ ಆಗುವುದಿಲ್ಲ.

ಪತ್ತೆ ಮಾಡುವುದು ಹೀಗೆ. ನಾಲ್ಕು ಎಳೆ ತೆಗೆದು ಬಿಳಿ ತಟ್ಟೆಯಲ್ಲಿ ಸ್ವಲ್ಪ ಬೆಚ್ಚಗಿನ ನೀರಿಗೆ ಹಾಕಿ. ಹತ್ತು ನಿಮಿಷ ಬಿಡಿ, ಎಳೆ ಬಿಚ್ಚಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ನೋಡಿ. ಕೇಸರಿ ಎಳೆ ಒಂದು ತುದಿಯಲ್ಲಿ ಸಣ್ಣಗಿದ್ದು ಇನ್ನೊಂದು ತುದಿಗೆ ಹೋಗುತ್ತಾ ತುತ್ತೂರಿಯ ಬಾಯಿಯಂತೆ ಅಗಲವಾಗುತ್ತದೆ. ಅದು ಹೂವಿನ ಶಲಾಕೆಯ ತುದಿ, ಬೇರೆ ಏನೂ ಅಂಟಿಕೊಂಡಿರುವುದಿಲ್ಲ. ಕುಸುಬಿಯದು ಇಡೀ ಒಂದು ಪುಟ್ಟ ಹೂವು. ಸಣ್ಣ ಕೊಳವೆ, ಅದರ ತುದಿಯಲ್ಲಿ ಐದು ಸೀಳು ಎಸಳು. ಮಧ್ಯದಲ್ಲಿ ಹಳದಿ ಕಡ್ಡಿಯಂಥದ್ದು ಇಣುಕುತ್ತಿರುತ್ತದೆ. ಒಮ್ಮೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ವಾಸನೆಯೂ ಬೇರೆ. ಕೇಸರಿಗೆ ಜೇನಿನ ಜೊತೆ ಒಣಹುಲ್ಲು ಬೆರೆತಂಥ ಘಾಟು, ಕುಸುಬಿಗೆ ಹೆಚ್ಚು ಕಡಿಮೆ ಏನೂ ಇಲ್ಲ. ಸೋಡಾ ಪುಡಿ ಹಾಕಿ ಬಣ್ಣ ಬದಲಾಗುವುದು ನೋಡಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದಲ್ಲ, ಅದನ್ನು ನೆಚ್ಚಬೇಡಿ.

ತಂಗಿಯ ಡಬ್ಬಿಯಲ್ಲಿ ಕುಸುಬಿ ಸಿಕ್ಕಿತು, ಇಷ್ಟು ದಿನ ಎರಡೆರಡು ಎಳೆ ಹಾಲಿಗೆ ಹಾಕಿ ಕುಡಿದಿದ್ದಾಳೆ ಅಂತಿಟ್ಟುಕೊಳ್ಳಿ. ಗಾಬರಿ ಬೇಡ. ಎರಡು ಎಳೆಗೂ ಹತ್ತು ಗ್ರಾಂ ಕಷಾಯಕ್ಕೂ ಅಜಗಜಾಂತರ. ಡಬ್ಬಿ ಬಿಸಾಕಿ, ಮುಂದಿನ ತಪಾಸಣೆಯಲ್ಲಿ ಒಂದು ಮಾತು ಹೇಳಿ. ಹೊಟ್ಟೆ ಹಿಡಿದಂತೆ ಆದರೆ, ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಕುಸುಬಿ ತಿಂದವರಿಗೆ ಮಾತ್ರ ಅಲ್ಲ, ಎಲ್ಲ ಬಸುರಿಯರಿಗೂ ಹೇಳುವ ಮಾತು.

ಇನ್ನು ಎಣ್ಣೆ. ಕುಸುಬಿ ಎಣ್ಣೆ ಕೆಟ್ಟದ್ದು ಅಂತ ಆಯುರ್ವೇದದಲ್ಲಿ ಇದೆ ಎಂದವರು ಸುಳ್ಳು ಹೇಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಪಟ್ಟಿ ಇದೆ, ಒಂದೊಂದು ಬಗೆಯಲ್ಲಿ ಅತ್ಯಂತ ಅಹಿತವಾದದ್ದು ಯಾವುದು ಅಂತ. ಗಿಡಮರಗಳಿಂದ ಬರುವ ಜಿಡ್ಡುಗಳಲ್ಲಿ ಅಲ್ಲಿ ಹೆಸರಿಸಿದ್ದು ಕುಸುಬಿಯನ್ನೇ. ಅದೇ ಪಟ್ಟಿಯಲ್ಲಿ ಬೇಳೆಗಳಲ್ಲಿ ಉದ್ದು, ಸೊಪ್ಪುಗಳಲ್ಲಿ ಸಾಸಿವೆ ಸೊಪ್ಪು ಇವೆ. ಭಾವಪ್ರಕಾಶ ಎಂಬ ಇನ್ನೊಂದು ಆಯುರ್ವೇದ ಗ್ರಂಥದಲ್ಲಿ ಕುಸುಬಿ ಎಣ್ಣೆ ಉಷ್ಣ, ಜಡ, ಉರಿ ಮಾಡುವಂಥದ್ದು, ಕಣ್ಣಿಗೆ ಒಳ್ಳೆಯದಲ್ಲ ಅಂತ ಇದೆ. ಬಲ ಕೊಡುತ್ತದೆ ಅಂತಲೂ ಇದೆ.

ಉದ್ದಿನ ಇಡ್ಲಿ ತಿನ್ನುವ ನಾವು ಆ ಪಟ್ಟಿಗೆ ಹೆದರಿ ಉದ್ದು ಬಿಟ್ಟಿಲ್ಲ, ಪಂಜಾಬಿನವರು ಸಾಸಿವೆ ಸೊಪ್ಪು ಬಿಟ್ಟಿಲ್ಲ. ಚರಕರ ಕಾಲದಲ್ಲಿ ಎಣ್ಣೆ ಅಂದರೆ ಎಳ್ಳೆಣ್ಣೆಯೇ ಮೇಲು. ಅದಕ್ಕೆ ಹೋಲಿಸಿದರೆ ಕುಸುಬಿ ಎಣ್ಣೆ ಬೇಗ ಕೆಡುತ್ತದೆ, ಅದು ನಿಜ. ನನ್ನ ಅಭಿಪ್ರಾಯ ಇಷ್ಟು: ಪಿತ್ತ ಹೆಚ್ಚಿರುವವರು, ಎದೆ ಉರಿ, ಬಾಯಿಹುಣ್ಣು ಪದೇ ಪದೇ ಬರುವವರು ಕುಸುಬಿ ಎಣ್ಣೆ ಕಡಿಮೆ ಮಾಡಿ ನೋಡಬಹುದು. ಉಳಿದವರು ಗ್ರಂಥದ ಒಂದು ಸಾಲಿಗಾಗಿ ರೂಢಿ ಬಿಡಬೇಕಿಲ್ಲ. ಆದರೆ ಅದೇ ಎಣ್ಣೆಯ ಬಾಟಲಿಯ ಮೇಲೆ ‘ಆಯುರ್ವೇದ ಹೇಳಿದ ಹೃದಯದ ಎಣ್ಣೆ’ ಅಂತ ಬರೆದು ಮಾರುವುದು ಇದೆಯಲ್ಲ, ಅದು ಚೆನ್ನಾಗಿಲ್ಲ. ಆಯುರ್ವೇದ ಹಾಗೆ ಹೇಳಿಲ್ಲ.

ಹೃದಯಕ್ಕೆ ಒಳ್ಳೆಯದು ಎಂಬ ಹೆಸರು ಬಂದಿದ್ದು ಪಶ್ಚಿಮದಿಂದ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗದಷ್ಟು ಲಿನೋಲಿಕ್ ಆಮ್ಲವೇ ಇರುತ್ತದೆ. ಇದು ಒಮೆಗಾ-6 ಜಾತಿಯ ಕೊಬ್ಬು, ಕೊಲೆಸ್ಟ್ರಾಲ್ ಇಳಿಸುತ್ತದೆ. ಕೊಲೆಸ್ಟ್ರಾಲ್ ಇಳಿದರೆ ಹೃದಯಾಘಾತವೂ ಇಳಿಯಬೇಕು ಅಂತ ಲೆಕ್ಕ ಹಾಕಿದರು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಒಂದು ಪ್ರಯೋಗ ನಡೆಯಿತು. ಆಗಷ್ಟೇ ಹೃದಯದ ತೊಂದರೆ ಆಗಿದ್ದ 458 ಗಂಡಸರು ಅದರಲ್ಲಿದ್ದರು. ಅರ್ಧ ಜನರಿಗೆ ಬೆಣ್ಣೆಯಂಥ ಕೊಬ್ಬು ಬಿಡಿಸಿ ಕುಸುಬಿ ಎಣ್ಣೆ ಮತ್ತು ಕುಸುಬಿ ಮಾರ್ಗರೀನ್ (ಎಣ್ಣೆಯಿಂದ ಮಾಡಿದ ಕೃತಕ ಬೆಣ್ಣೆ) ಕೊಟ್ಟರು. ಅವರ ಕೊಲೆಸ್ಟ್ರಾಲ್ ಇಳಿಯಿತು. ಆದರೆ ಸತ್ತವರು ಆ ಗುಂಪಿನಲ್ಲೇ ಹೆಚ್ಚು. ಹಳೆಯ ಮಾಹಿತಿಯನ್ನು ಮತ್ತೆ ಹುಡುಕಿ ತೆಗೆದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದಾಗ, ಕುಸುಬಿ ಗುಂಪಿನಲ್ಲಿ ಶೇ 17.6, ಇನ್ನೊಂದರಲ್ಲಿ ಶೇ 11.8 ಮಂದಿ ತೀರಿಕೊಂಡಿದ್ದರು.

ಇದನ್ನು ಓದಿ ಎಣ್ಣೆ ಚೆಲ್ಲಬೇಡಿ. ಅದು ಒಂದೇ ಪ್ರಯೋಗ, ಗುಂಪು ಸಣ್ಣದು, ಅವರು ತಿಂದ ಪ್ರಮಾಣ ಜಾಸ್ತಿ, ಮಾರ್ಗರೀನ್‌ನಿಂದಲೂ ಫಲಿತಾಂಶ ಕೆಟ್ಟಿರಬಹುದು ಎಂಬ ತಕರಾರು ಬೇರೆ. ಒಮೆಗಾ-6 ಕೊಬ್ಬಿನ ಮೇಲೆ ಆಮೇಲೆ ಬಂದ ಬೇರೆ ಅಧ್ಯಯನಗಳಲ್ಲಿ ಒಳ್ಳೆಯದು ಕಂಡಿದ್ದೂ ಇದೆ. ನಾನು ಇದರಿಂದ ತೆಗೆದುಕೊಳ್ಳುವುದು ಒಂದೇ ಮಾತು: ಅಮ್ಮನಂಥ ಹೃದ್ರೋಗಿಗೆ ‘ಹೃದಯಕ್ಕೆ ಒಳ್ಳೆಯದು’ ಅಂತ ಹೆಚ್ಚು ಹೆಚ್ಚು ಕುಸುಬಿ ಎಣ್ಣೆ ಹಾಕಬೇಡಿ. ಒಟ್ಟು ಎಣ್ಣೆ ದಿನಕ್ಕೆ ಮೂರು ನಾಲ್ಕು ಚಹಾ ಚಮಚ ದಾಟದಿರಲಿ, ಅದರಲ್ಲಿ ಕುಸುಬಿಯೂ ಒಂದು ಪಾಲು ಇರಲಿ, ಶೇಂಗಾ ಎಣ್ಣೆಯೂ ಇರಲಿ.

ಕುಸುಬಿ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಕೊರತೆ ತುಂಬುವುದು ಅಗಸಿ. ನಿಮ್ಮ ಅಜ್ಜಿಯ ಕಾಲದ ತಾಟು ನೆನಪಿಸಿಕೊಳ್ಳಿ. ರೊಟ್ಟಿ, ಪಲ್ಯ, ಪಕ್ಕದಲ್ಲಿ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. ಅದರ ಮೇಲೆ ಒಂದು ಗುಳಿ ಮಾಡಿ ಕುಸುಬಿ ಎಣ್ಣೆ ಬಿಡುತ್ತಿದ್ದರು. ಅವರು ಒಮೆಗಾ ಲೆಕ್ಕ ಹಾಕಿರಲಿಲ್ಲ, ಬಾಯಿಗೆ ರುಚಿ ಅಂತ ಮಾಡಿದ್ದು. ಬೆಂಗಳೂರಿಗೆ ಬಂದಮೇಲೆ ಎಣ್ಣೆ ಉಳಿಯಿತು, ಅಗಸಿ ಹಿಂಡಿ ತಪ್ಪಿತು. ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗಿದೆ. ಅಮ್ಮನಿಗೆ ದಿನಾ ಒಂದು ಚಮಚ ಅಗಸಿ ಹಿಂಡಿ ಕೊಡಿ, ಚಹಾ ಪೊಟ್ಟಣಕ್ಕಿಂತ ಅದು ಕೆಲಸಕ್ಕೆ ಬರುತ್ತದೆ. ಉಪ್ಪು ಮಾತ್ರ ಕಡಿಮೆ ಹಾಕಿ.

ಅಮ್ಮನಿಗೆ ಶುಗರ್ ಇದೆ ಎಂದಿದ್ದೀರಿ, ಅದಕ್ಕೇ ಇದನ್ನೂ ಹೇಳುತ್ತೇನೆ. ಅಮೆರಿಕದ ಓಹಿಯೋದಲ್ಲಿ ಮುಟ್ಟು ನಿಂತ, ತೂಕ ಜಾಸ್ತಿ ಇದ್ದ, ಸಕ್ಕರೆ ಕಾಯಿಲೆಯ ಹೆಂಗಸರಿಗೆ ದಿನಕ್ಕೆ 8 ಗ್ರಾಂ ಕುಸುಬಿ ಎಣ್ಣೆಯನ್ನು 16 ವಾರ ಕೊಟ್ಟು ನೋಡಿದರು. ಸೊಂಟದ ಮೇಲಿನ ಭಾಗದ ಕೊಬ್ಬು ಸ್ವಲ್ಪ ಇಳಿಯಿತು, ಮೂರು ತಿಂಗಳ ಸರಾಸರಿ ಸಕ್ಕರೆಯೂ ಸ್ವಲ್ಪ ಸುಧಾರಿಸಿತು. 8 ಗ್ರಾಂ ಅಂದರೆ ಎರಡು ಚಹಾ ಚಮಚಕ್ಕಿಂತ ಕಡಿಮೆ. ಕೊಟ್ಟಿದ್ದು ಎಣ್ಣೆ, ಹೂವಲ್ಲ. ಪೂರ್ತಿ ಮುಗಿಸಿದವರು 35 ಮಂದಿ ಮಾತ್ರ. ಇದರ ಆಧಾರದ ಮೇಲೆ ಯಾರೂ ಮಾತ್ರೆ ಬಿಡಬಾರದು. ತೂಕ ಇಳಿಸುವ ಕ್ಯಾಪ್ಸೂಲ್‌ಗಳ ಮೇಲೆ ಕುಸುಬಿಯ ಹೆಸರು ಇರುತ್ತದಲ್ಲ, ಅದು ಬೇರೆಯೇ ಕಥೆ. ಸಿಎಲ್‌ಎ ಎಂಬ ಕೊಬ್ಬನ್ನು ಕುಸುಬಿ ಎಣ್ಣೆಯಿಂದ ಕಾರ್ಖಾನೆಯಲ್ಲಿ ಮಾರ್ಪಡಿಸಿ ಮಾಡುತ್ತಾರೆ. ಅದಕ್ಕೂ ನಿಮ್ಮ ಮನೆಯ ಗಾಣದ ಎಣ್ಣೆಗೂ ಸಂಬಂಧ ಕಡಿಮೆ.

ಈಗ ಅಜ್ಜಿಯ ಹುಗ್ಗಿ. ಇದರಲ್ಲಿ ನನಗೆ ಏನೂ ತಕರಾರಿಲ್ಲ, ಸಂತೋಷವೇ. ಬಿಳಿ ಕುಸುಬಿ ಬೀಜ ಹಸನು ಮಾಡಿ, ತೊಳೆದು, ನೆನೆಹಾಕಿ, ನೀರು ಬಿಟ್ಟು ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಬಿಳಿ ಹಾಲು ಬರುತ್ತದೆ. ಬೇಯಿಸಿದ ಕುಟ್ಟಿದ ಗೋಧಿಗೆ ಈ ಹಾಲು, ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಹುಗ್ಗಿ. ಇಥಿಯೋಪಿಯಾದಲ್ಲೂ ಕುಸುಬಿ ಬೀಜದ ಹಾಲು ತೆಗೆಯುತ್ತಾರೆ. ಹಸುವಿನ ಹಾಲು ಮುಟ್ಟಬಾರದ ಉಪವಾಸದ ದಿನಗಳಲ್ಲಿ ಅದಕ್ಕೆ ಅವರ ರೊಟ್ಟಿ ಹರಿದು ಹಾಕಿ ತಿನ್ನುತ್ತಾರೆ. ಎಲ್ಲಿಯ ಗದಗ, ಎಲ್ಲಿಯ ಇಥಿಯೋಪಿಯಾ!

ಬಾಣಂತಿಗೆ ಇದರಿಂದ ಎದೆಹಾಲು ಹೆಚ್ಚುತ್ತದಾ? ಹೆಚ್ಚುತ್ತದೆ ಅಂತ ಪ್ರಮಾಣ ಮಾಡಿ ನಾನು ಹೇಳಲಾರೆ. ಆದರೆ ಬಾಣಂತಿಗೆ ಬೇಕಾದದ್ದು ಅದರಲ್ಲಿದೆ. ಜಿಡ್ಡಿದೆ, ಗೋಧಿಯ ಹಿಟ್ಟಿದೆ, ಬಿಸಿಬಿಸಿ ಇದೆ, ಮತ್ತು ಮಲ ಸರಾಗವಾಗಿ ಹೋಗುತ್ತದೆ. ಈ ಕೊನೆಯದಕ್ಕೆ ಕಾರಣವೂ ಗೊತ್ತಾಗಿದೆ. ಕುಸುಬಿ ಬೀಜದಲ್ಲಿ ಲಿಗ್ನಾನ್ ಜಾತಿಯ ಎರಡು ಅಂಶಗಳಿವೆ. ಒಂದು ಕಹಿ, ಇನ್ನೊಂದು ಭೇದಿ ಮಾಡಿಸುವಂಥದ್ದು. ಎಣ್ಣೆ ತೆಗೆದ ಮೇಲೆ ಇವು ಗಾಣದ ಹಿಂಡಿಯಲ್ಲೇ ಉಳಿಯುತ್ತವೆ. ಹಿಂಡಿ ಕಹಿಯಾಗಿರುವುದು, ದನಕ್ಕೆ ಒಮ್ಮೆಲೇ ಜಾಸ್ತಿ ಹಾಕಬಾರದು ಅನ್ನುವುದು ಇದಕ್ಕೇ. ಬೀಜ ಭೇದಿ ಮಾಡಿಸುವ ಮದ್ದು ಅಂತ ಯುನಾನಿ ಹಕೀಮರು ಹೇಳಿದ್ದು ಸುಮ್ನೆ ಅಲ್ಲ. ಹಾಗಾಗಿ ಹುಗ್ಗಿ ಒಂದು ಬಟ್ಟಲು ಸಾಕು. ಹೊಟ್ಟೆ ಸಡಿಲ ಇರುವ ದಿನ ಬೇಡ. ತಂಗಿಗೆ ಹೆರಿಗೆಯಾದ ಮೇಲೆ ಮಾಡಿಕೊಡಿ. ಬಸುರಿಯಲ್ಲೂ ಅಪರೂಪಕ್ಕೊಮ್ಮೆ ಹಬ್ಬಕ್ಕೆ ತಿಂದರೆ ಊಟದಂತೆ ತಿಂದಂತಾಯಿತು, ಅದಕ್ಕೆ ಹೂವಿನ ಭಯ ಅಂಟಿಸಬೇಡಿ. ಬೀಜ ಮಾತ್ರ ಅಡುಗೆಗೆ ಅಂತ ಮಾರುವುದೇ ಇರಲಿ. ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ.

ಮೊಣಕಾಲಿನ ಎಣ್ಣೆಗೂ ನನ್ನ ಒಪ್ಪಿಗೆ ಇದೆ. ಕೀಲುನೋವಿಗೆ, ಲಕ್ವ ಹೊಡೆದ ಕೈಕಾಲಿಗೆ ಕುಸುಬಿ ಎಣ್ಣೆ ತಿಕ್ಕುವುದು ಹಳೆಯ ಪದ್ಧತಿ. ಸವೆದ ಮೂಳೆ ಇದರಿಂದ ಬೆಳೆಯುವುದಿಲ್ಲ. ಆದರೆ ಬೆಚ್ಚಗೆ, ಹಗುರವಾಗಿ ಹತ್ತು ನಿಮಿಷ ತಿಕ್ಕಿದರೆ ಸ್ನಾಯು ಸಡಿಲವಾಗುತ್ತದೆ, ಆ ರಾತ್ರಿ ನಿದ್ದೆ ಬರುತ್ತದೆ. ಇದು ತೆಳು ಎಣ್ಣೆ, ಚರ್ಮಕ್ಕೆ ಬೇಗ ಇಳಿಯುತ್ತದೆ. ಮುಂಬೈಯಲ್ಲಿ 120 ನವಜಾತ ಶಿಶುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕುಸುಬಿ ಎಣ್ಣೆ ಹಚ್ಚಿದ ಮಕ್ಕಳ ರಕ್ತದಲ್ಲಿ ಲಿನೋಲಿಕ್ ಆಮ್ಲ ಹೆಚ್ಚಾಗಿದ್ದು ಕಂಡಿತು. ಅಂದರೆ ಹಚ್ಚಿದ್ದು ಒಳಗೂ ಹೋಗುತ್ತದೆ. ಎಳೆಗೂಸಿಗೆ ಹಚ್ಚುವ ಎಣ್ಣೆ ಕಮಟು ಹಿಡಿದಿರಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ. ಅಮ್ಮನಿಗೆ ತಿಕ್ಕುವಾಗ ಜೋರಾಗಿ ಒತ್ತಬೇಡಿ, ರಕ್ತ ತೆಳುವಾಗಿರುವವರಿಗೆ ಚರ್ಮದ ಕೆಳಗೆ ಬೇಗ ಕಲೆ ಬೀಳುತ್ತದೆ. ಒಂದೇ ಕಾಲು ಊದಿಕೊಂಡು, ಮೀನಖಂಡ ಮುಟ್ಟಿದರೆ ನೋವಾಗುತ್ತಿದ್ದರೆ ತಿಕ್ಕಲೇಬೇಡಿ, ಡಾಕ್ಟರಿಗೆ ತೋರಿಸಿ.

ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಎಚ್ಚರಿಕೆ. ಉತ್ತರ ಭಾರತದಲ್ಲಿ ‘ಕುಸುಮ್’ ಎಂಬ ಹೆಸರು ಎರಡು ಗಿಡಗಳಿಗಿದೆ. ಒಂದು ನಮ್ಮ ಕುಸುಬಿ. ಇನ್ನೊಂದು ಅರಗಿನ ಹುಳ ಸಾಕುವ ದೊಡ್ಡ ಮರ, ನಮ್ಮ ಕಾಡಿನ ಸಾಗಡೆ. ಆ ಮರದ ಬೀಜದ ಎಣ್ಣೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತಲೆಗೆ, ಚರ್ಮಕ್ಕೆ ಹಚ್ಚಲು ಅದನ್ನು ಮಾರುತ್ತಾರೆ. ‘ಕುಸುಮ್ ತೇಲ್’ ಅಂತ ಹೆಸರು ನೋಡಿ ಅಡುಗೆಗೆ ತರಿಸಿಕೊಂಡೀರಿ.

ಅಲರ್ಜಿಯ ಮಾತೂ ಇದೆ. ಕುಸುಬಿ, ಸೇವಂತಿಗೆ, ಸೂರ್ಯಕಾಂತಿ, ಕಾಂಗ್ರೆಸ್ ಗಿಡ ಎಲ್ಲ ಒಂದೇ ಕುಟುಂಬ. ಕಾಂಗ್ರೆಸ್ ಗಿಡ ಮುಟ್ಟಿದರೆ ಮೈ ತುರಿಸುವವರು, ಉಬ್ಬಸ ಬರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರು ಹೂವಿನ ಹತ್ತಿರ ಹೋಗದಿದ್ದರೆ ಲೇಸು.

ಹಾಗಾದರೆ ಹೂವಿನ ಚಹಾ ಯಾರೂ ಕುಡಿಯಬಾರದಾ? ಹಾಗಲ್ಲ. ಬಸುರಿ ಅಲ್ಲದ, ರಕ್ತ ತೆಳುವಾಗಿಸುವ ಮಾತ್ರೆ ಇಲ್ಲದ, ಅಲ್ಸರ್ ಇಲ್ಲದ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗದ ಆರೋಗ್ಯವಂತರು ಒಂದು ಚಿಟಿಕೆ ಎಸಳು ಬಿಸಿನೀರಿಗೆ ಹಾಕಿ ಆಗಾಗ ಕುಡಿದರೆ ತೊಂದರೆ ಕಾಣೆ. ಮುಳ್ಳಿಲ್ಲದ ಕುಸುಬಿ ತಳಿಯ ಎಸಳನ್ನು ಈ ಕೆಲಸಕ್ಕೆ ಅಂತಲೇ ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬೆಳೆಸಿ ಪ್ರಚಾರ ಮಾಡಿದೆ. ರೈತರಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೂ ಖುಷಿಯೇ. ನಮ್ಮ ಯರೆ ಹೊಲಗಳಲ್ಲಿ ಹಿಂಗಾರಿ ಜೋಳದ ಅಂಚಿಗೆ, ದನ ನುಗ್ಗದಿರಲಿ ಅಂತ ಹಾಕುತ್ತಿದ್ದ ಕುಸುಬಿ ಸಾಲು ಈಗ ಎಷ್ಟು ಕಡೆ ಉಳಿದಿದೆ? ಮುಳ್ಳಿಗೆ ಹೆದರಿ ಆಳು ಬರುವುದಿಲ್ಲ, ಎಲ್ಲರೂ ಕಡಲೆಗೆ ತಿರುಗಿದ್ದಾರೆ. ಇಬ್ಬನಿಗೆ ಮುಳ್ಳು ಮೆತ್ತಗಿರುತ್ತದೆ ಅಂತ ನಮ್ಮವರು ನಸುಕಿನಲ್ಲೇ ಕೊಯ್ಲಿಗೆ ಹೋಗುವುದು. ಜಪಾನಿನ ಯಮಗಾತದಲ್ಲಿ ತುಟಿಯ ಕೆಂಪಿಗೆ ಇದೇ ಹೂವು ಬಿಡಿಸುವವರೂ ಅದೇ ಕಾರಣಕ್ಕೆ ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ.

ಮುಟ್ಟು ತಪ್ಪಿದೆ ಅಂತ ಹೂವು ಕುಡಿಯುವವರು ಮೊದಲು ಬಸಿರು ಪರೀಕ್ಷೆ ಮಾಡಿಕೊಳ್ಳಿ. ಆಮೇಲೆ ಥೈರಾಯ್ಡ್, ಪಿಸಿಒಡಿ ನೋಡಿಸಿ. ಕಾರಣ ತಿಳಿಯದೆ ಮುಟ್ಟು ಬರಿಸುವುದು ಚಿಕಿತ್ಸೆ ಅಲ್ಲ.

ಕೊನೆಗೆ ಎಣ್ಣೆ ಇಡುವ ಬಗೆ, ಯಾಕೆಂದರೆ ಬೆಂಗಳೂರಿನವರು ಊರಿಂದ ವರ್ಷದ ಎಣ್ಣೆ ಒಮ್ಮೆಲೇ ತಂದಿಟ್ಟುಕೊಳ್ಳುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗುವ ಎಣ್ಣೆ. ಪೇಂಟ್ ತಯಾರಿಸುವವರಿಗೆ ಇದು ಬೇಕಾಗುವುದು ಆ ಗುಣಕ್ಕೇ. ಹಳೆಯ ಬಾಟಲಿಯ ಬಾಯಿಗೆ ಬೆರಳು ಹಚ್ಚಿ ನೋಡಿ. ಮೊದಲು ಅಂಟು ಅಂಟಾಗಿ, ಆಮೇಲೆ ಉಗುರಿನಿಂದ ಕೆರೆದರೂ ಏಳದ ಹಳದಿ ಪದರ ಕಟ್ಟಿರುತ್ತದೆ. ಬಾಯಲ್ಲಿ ಆಗಿದ್ದು ಒಳಗಿನ ಎಣ್ಣೆಯಲ್ಲೂ ನಿಧಾನವಾಗಿ ಆಗುತ್ತಿರುತ್ತದೆ. ಬಿಸಿ, ಬೆಳಕು, ಗಾಳಿ ಮೂರೂ ಅದನ್ನು ಬೇಗ ಕೆಡಿಸುತ್ತವೆ. ಗಾಣದ ಎಣ್ಣೆಯಾದರೆ ಎರಡು ಮೂರು ತಿಂಗಳಿಗೆ ಆಗುವಷ್ಟೇ ತನ್ನಿ. ಸ್ಟೀಲ್ ಡಬ್ಬಿಯಲ್ಲಿ ಅಥವಾ ಕಪ್ಪು ಗಾಜಿನ ಬಾಟಲಿಯಲ್ಲಿ ತುಂಬ ತುಂಬಿಸಿ, ಒಲೆಯ ಪಕ್ಕ ಇಡಬೇಡಿ. ಒಗ್ಗರಣೆಗೆ, ಪಲ್ಯಕ್ಕೆ, ಅಗಸಿ ಹಿಂಡಿಯ ಮೇಲೆ ಹಸಿಯಾಗಿ ಹಾಕಲು ಬಳಸಿ. ಪೂರಿ, ಭಜಿ ಕರಿಯಲು ಬೇಡ, ಕರಿದ ಎಣ್ಣೆ ಮತ್ತೆ ಬಳಸುವುದಂತೂ ಬೇಡವೇ ಬೇಡ. ಅಂಗಡಿಯಲ್ಲಿ ‘ಹೈ ಓಲಿಕ್’ ಎಂದು ಬರೆದ ಕುಸುಬಿ ಎಣ್ಣೆ ಸಿಕ್ಕರೆ ಅದರ ಕೊಬ್ಬಿನ ಗುಣ ಆಲಿವ್ ಎಣ್ಣೆಗೆ ಹತ್ತಿರ, ಬಿಸಿಗೆ ಚೆನ್ನಾಗಿ ತಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದಲ್ಲಿ ಬಂದ ತಳಿಗಳಿಂದ ಶುರುವಾದದ್ದು ಅದು. ನಮ್ಮ ಊರಿನ ಗಾಣದ್ದು ಆ ಬಗೆಯದಲ್ಲ. ಮುಚ್ಚಳ ತೆಗೆದಾಗ ಹಸಿ ಪೇಂಟಿನ ವಾಸನೆ ಬಂದರೆ ಅಡುಗೆಗೂ ಬೇಡ, ಮೊಣಕಾಲಿಗೂ ಬೇಡ. ಬಾಗಿಲ ಬಿಜಾಗರಿಗೆ ಹಾಕೋಣ ಅಂದರೂ ನಾಲ್ಕು ದಿನಕ್ಕೆ ಅಂಟು ಹಿಡಿಯುತ್ತದೆ, ಚೆಲ್ಲಿಬಿಡಿ.